ಡಬ್ಬಿಯೊಳಗಿನ ಡ್ಯೂಸನ್‌ಬರ್ಗ್

ಕಾರಿನ ಹುಚ್ಚಿರುವವರಲ್ಲೂ ಬಡವರ ಪಂಗಡ ಒಂದಿದೆ. ನಾನು ಅದರಲ್ಲಿ ಒಬ್ಬ. ನಮ್ಮ ಗ್ಯಾರೇಜು ಇರುವುದು ಬೀರುವಿನ ಮೇಲೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾರುಗಳೇ ನಮಗೆ ಬೇಕು, ಅವೂ ಪ್ಲಾಸ್ಟಿಕ್ ತುಂಡುಗಳಾಗಿ, ಅಸಲಿನ ಒಂದು ಅಡಿಗೆ ಅರ್ಧ ಅಂಗುಲದ ಲೆಕ್ಕದಲ್ಲಿ. ನೆಂಟರು ಬಂದರೆ ಕೇಳುವುದು ಎರಡೇ: "ಇದು ಓಡತ್ತಾ?" "ಅಷ್ಟು ದುಡ್ಡು ಕೊಟ್ಟು, ಜೋಡಿಸೋ ಕೆಲಸಾನೂ ನೀವೇ ಮಾಡ್ಬೇಕಾ?" ಮೊದಲನೆಯದಕ್ಕೆ ಉತ್ತರ, ಇಲ್ಲ. ಎರಡನೆಯದಕ್ಕೆ ಕೊಂಚ ಹೊತ್ತು ಕೂರಬೇಕು.

ಈಗಿನ ಕಾರಿನ ಕಿಟ್‌ನಲ್ಲಿ ನನಗೆ ರುಚಿಯಿಲ್ಲ. ಅಸಲಿ ಕಾರೇ ಒಂದು ಚಿಪ್ಪು, ಕಿಟ್ಟೂ ಹಾಗೆಯೇ. ಹಳೆಯ ದೊಡ್ಡ ಕಾರುಗಳ ಹುಟ್ಟೇ ಬೇರೆ. ಇಂಡಿಯಾನಾಪೊಲಿಸ್‌ನ ಡ್ಯೂಸನ್‌ಬರ್ಗ್ ಜೆ ಬಂದದ್ದು 1928ರ ಕೊನೆಗೆ: ಒಂದೇ ಸಾಲಿನಲ್ಲಿ ಎಂಟು ಸಿಲಿಂಡರು, 265 ಅಶ್ವಶಕ್ತಿ. ಫೋರ್ಡ್ ಮಾಡೆಲ್ ಎ ಸುಮಾರು 500 ಡಾಲರಿಗೆ ಸಿಗುತ್ತಿದ್ದ ಕಾಲದಲ್ಲಿ ಇದಕ್ಕೆ 8,500 ಡಾಲರು. ಅದೂ ಬರೀ ಚಾಸಿಗೆ! ನಮ್ಮ ಲಾರಿ ಮಾಲೀಕರು ಚಾಸಿ ತಂದು ಬಾಡಿ ಕಟ್ಟಿಸುತ್ತಾರಲ್ಲ, ಆಗಿನ ಶ್ರೀಮಂತರೂ ಹಾಗೆಯೇ ಪ್ಯಾಸಡೀನಾದ ಮರ್ಫಿಯಂಥವರ ಕೈಯಲ್ಲಿ ತಮಗೆ ಬೇಕಾದ ಬಾಡಿ ಕಟ್ಟಿಸಿಕೊಳ್ಳುತ್ತಿದ್ದರು. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಅವರ ಡ್ಯೂಸನ್‌ಬರ್ಗ್‌ಗೆ ಬಾಡಿ ಕಟ್ಟಿದ್ದು ಲಂಡನ್ನಿನ ಗರ್ನಿ ನಟಿಂಗ್.

ಹೀಗಾಗಿ ಮೊನೋಗ್ರಾಮ್ ಕಂಪನಿಯ ಡ್ಯೂಸನ್‌ಬರ್ಗ್ ಕಿಟ್ ಬಿಚ್ಚಿ ಕೂತರೆ ಆ ಕೆಲಸಗಾರರು ನಡೆದ ದಾರಿಯಲ್ಲೇ ನಾವೂ ನಡೆಯುತ್ತೇವೆ. ಮೊದಲು ಚಾಸಿ, ಅಚ್ಚು, ಎಂಜಿನ್. ಎಂಜಿನ್‌ಗೆ ಎಳೆ ಹಸಿರು ಬಣ್ಣ ಬಳಿಯಬೇಕು. ಅಸಲಿಯ ಬಣ್ಣ ಅದೇ. ಆಮೇಲೆ ಬಾಡಿ, ಮಡ್‌ಗಾರ್ಡು, ಫುಟ್‌ಬೋರ್ಡು, ಸ್ಟೆಪ್ನಿ, ದೀಪ. ಒಂದೊಂದೂ ಬೇರೆ ಬೇರೆ, ಒಂದೊಂದಕ್ಕೂ ಅದರದೇ ಜಾಗ. ಕಾರು ಅಂದರೆ ಏನೇನು ಅನ್ನುವುದು ಕೈಗೆ ತಿಳಿಯುತ್ತಾ ಹೋಗುತ್ತದೆ.

ತೊಂದರೆ ಕೊಡುವುದು ಹೊಳಪು. ರೇಡಿಯೇಟರು, ಬಂಪರು, ದೀಪದ ಬಟ್ಟಲು ಎಲ್ಲಕ್ಕೂ ಕ್ರೋಮಿನಂತೆ ಮಿನುಗುವ ಲೇಪ. ನಾವು ಹಚ್ಚುವ ದ್ರವ ಗೋಂದಿನಂತೆ ಅಂಟಿಸುವುದಿಲ್ಲ. ಎರಡು ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ. ನಡುವೆ ಲೇಪವಿದ್ದರೆ ಕರಗುವುದೆಲ್ಲಿ? ಸೇರುವ ಕಡೆಯಷ್ಟೇ ಬ್ಲೇಡಿನಿಂದ ಕೆರೆದು, ಕಾಣುವ ಕಡೆ ಗೀರು ಬೀಳದಂತೆ ನೋಡಿಕೊಳ್ಳಬೇಕು. ಕಡ್ಡಿ ಚಕ್ರಗಳದ್ದು ಇನ್ನೊಂದು ಗೋಳು. ಅಚ್ಚಿನಲ್ಲಿ ಎರಕವಾದ ಕಡ್ಡಿ ತಂತಿಯಷ್ಟು ತೆಳ್ಳಗೆ ಬರುವುದೇ ಇಲ್ಲ. ಇಟಲಿಯ ಪೋಕರ್ ಕಂಪನಿ ಎಂಟನೇ ಒಂದು ಪಾಲಿನ ಗಾತ್ರದ ರೋಲ್ಸ್‌ರಾಯ್ಸ್ ಫ್ಯಾಂಟಮ್ 2 ಕಿಟ್‌ನಲ್ಲಿ ಚಕ್ರದ ಕಡ್ಡಿಗಳನ್ನು ಬಿಡಿಬಿಡಿಯಾಗಿಯೇ ಕೊಟ್ಟಿತ್ತು. ಸೈಕಲ್ ಅಂಗಡಿಯವನ ಸಹನೆ ಇದ್ದವರು ಪೋಣಿಸಲಿ. ನನಗಿಲ್ಲ.

ಇನ್ನು ಡಬ್ಬಿಯನ್ನೇ ಬಿಚ್ಚದ ಸಂಗ್ರಹಕಾರರಿದ್ದಾರೆ. ಸುತ್ತಿದ ಪ್ಲಾಸ್ಟಿಕ್ ಹರಿದರೆ ಬೆಲೆ ಬಿತ್ತು ಎನ್ನುತ್ತಾರೆ. ವ್ಯಾಪಾರದ ಮಾತಾಗಿ ಅದು ಸರಿ. ಆದರೆ ಅವರ ಬಳಿ ಇರುವುದು ಕಾರಲ್ಲ, ಕಾರಿನ ಚಿತ್ರವಿರುವ ರಟ್ಟು. ಒಳಗೇನಾಗುತ್ತಿದೆ ಎಂಬುದೂ ಅವರಿಗೆ ಕಾಣದು. ಹಳೆಯ ಕಿಟ್‌ಗಳ ವಿನೈಲ್ ಟೈರು ಮೆತ್ತಗಿರಲೆಂದು ಬೆರೆಸಿದ ರಾಸಾಯನಿಕ ವರ್ಷಾನುಗಟ್ಟಲೆ ಒಸರುತ್ತಾ, ತಾಗಿದ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಸೀಲ್ ಒಡೆಯದ ಡಬ್ಬಿಯಲ್ಲೇ ಮಡ್‌ಗಾರ್ಡಿನ ಮೇಲೆ ಟೈರಿನ ಗುರುತು ಗುಳಿಬಿದ್ದಿರುತ್ತದೆ. ನಿಮ್ಮ ಬಳಿಯೂ ಅಂಥ ಕಿಟ್ ಇದ್ದರೆ, ಕಟ್ಟುವುದು ಯಾವಾಗಲಾದರೂ ಆಗಲಿ, ಟೈರುಗಳನ್ನು ಮಾತ್ರ ಇವತ್ತೇ ತೆಗೆದು ಬೇರೆ ಕವರಿಗೆ ಹಾಕಿಡಿ.