ಏಳಲೊಲ್ಲದ ಜಟ್ಟಿ

ಹಣ ಕೊಟ್ಟು ಕುಸ್ತಿ ನೋಡಲು ಬಂದವನಿಗೆ ಬೇಕಾದುದೇನು? ಗೆದ್ದವರಾರೆಂಬುದಷ್ಟೇ ಬೇಕಾಗಿದ್ದರೆ ಮರುದಿನದ ಪತ್ರಿಕೆಯನ್ನು ಓದಿ ಅವನು ತೃಪ್ತನಾಗಬಹುದಿತ್ತು. ಎತ್ತಿ ಎಸೆಯುವುದನ್ನು, ಬಿದ್ದವನು ಪುಟಿದೇಳುವುದನ್ನು, ಸೋಲಿನ ಅಂಚಿಗೆ ಜಾರಿದವನು ಕಡೆಯ ಗಳಿಗೆಯಲ್ಲಿ ತಿರುಗಿಬೀಳುವುದನ್ನು ಕಣ್ಣಾರೆ ಕಾಣಲೆಂದೇ ಅವನು ಬರುತ್ತಾನೆ. ಈ ಆಸೆ ತಪ್ಪಲ್ಲ. ಆದರೆ ನಿಜವಾದ ಕುಸ್ತಿ ನೋಡುವವರ ಆಸೆಯನ್ನು ಕೇಳಿಕೊಂಡು ನಡೆಯುವುದಿಲ್ಲ. ಇದನ್ನು ಲಂಡನ್ನಿನ ಜನ ೧೯೧೦ರ ಸೆಪ್ಟೆಂಬರ್ ೧೦ರಂದು ಷೆಪರ್ಡ್ಸ್ ಬುಷ್ ಕ್ರೀಡಾಂಗಣದಲ್ಲಿ ಕುಳಿತು, ಬೇಸತ್ತು, ತಿಳಿದುಕೊಂಡರು.

ಆ ಕಾಲದ ಲಂಡನ್ನಿನಲ್ಲಿ ಕುಸ್ತಿಯೆಂದರೆ ದೊಡ್ಡ ವ್ಯಾಪಾರ. ಹಾಡು, ಹಾಸ್ಯ, ಜಾದೂ ಎಲ್ಲವೂ ಒಂದೇ ಟಿಕೇಟಿಗೆ ದೊರೆಯುತ್ತಿದ್ದ ಮ್ಯೂಸಿಕ್ ಹಾಲ್ ರಂಗಮಂದಿರಗಳಲ್ಲಿ ಅದೂ ಒಂದು ಬಾಬು. ಎಸ್ಟೋನಿಯಾ ನಾಡಿನಿಂದ ಬಂದ ಜಾರ್ಜ್ ಹ್ಯಾಕೆನ್‌ಸ್ಮಿತ್ ಆ ರಂಗದ ಮಹಾತಾರೆ. ಅವನ ಬಲದ ಬಗೆಗೆ ಯಾರಿಗೂ ಸಂಶಯವಿರಲಿಲ್ಲ, ತೊಂದರೆಯಿದ್ದುದೇ ಅಲ್ಲಿ. ಎದುರಾದವರನ್ನೆಲ್ಲ ಕ್ಷಣಮಾತ್ರದಲ್ಲಿ ಕೆಡಹಿದರೆ ಟಿಕೇಟು ಕೊಂಡವರಿಗೆ ಉಳಿಯುವುದೇನು? ಅವನ ವ್ಯವಸ್ಥಾಪಕನಾದ ಸಿ. ಬಿ. ಕಾಕ್ರನ್ ನಾಟಕರಂಗದ ಮರ್ಮ ಬಲ್ಲವನು. ನಿರಾಯಾಸವಾಗಿ ಗೆಲ್ಲಬಹುದಾದ ಪಂದ್ಯವನ್ನೂ ಜನರ ಸಂತೋಷಕ್ಕಾಗಿ ಎಳೆಯುವ ಕಲೆಯನ್ನು ಅವನು ಹ್ಯಾಕೆನ್‌ಸ್ಮಿತ್‌ನಿಗೆ ಕಲಿಸಿದ. ಗೆಲುವು ನಿಜ, ಗೆಲುವಿನ ಅವಧಿ ಮಾತ್ರ ನಟನೆ. ಮುಂದೆ ಗೆಲುವೂ ನಟನೆಯಾಗಲು ಇನ್ನೊಂದೇ ಹೆಜ್ಜೆ ಸಾಕಾಗಿತ್ತು.

ಇಂಥ ಊರಿಗೆ ೧೯೧೦ರಲ್ಲಿ ನಮ್ಮ ದೇಶದ ಪೈಲ್ವಾನರ ಒಂದು ತಂಡ ಹೋಯಿತು. ಬೆಂಜಮಿನ್ ಎಂಬ ವ್ಯವಸ್ಥಾಪಕ ಅವರನ್ನು ಕರೆದೊಯ್ದಿದ್ದ. ತಂಡದ ಮುಖ್ಯಸ್ಥ ಗಾಮಾ. ಗರಡಿಮನೆಗಳ ಮಣ್ಣಿನಲ್ಲಿ ಹೊರಳಿ ಬೆಳೆದವನು. ಬಾಲ್ಯದಲ್ಲಿಯೇ, ಜೋಧಪುರದ ಮಹಾರಾಜರು ನಡೆಸಿದ ಬಸ್ಕಿಯ ಸ್ಪರ್ಧೆಯಲ್ಲಿ ನೂರಾರು ಮಂದಿ ಜಟ್ಟಿಗಳ ನಡುವೆ ಕೊನೆಯವರೆಗೆ ನಿಂತು ಹೆಸರಾಗಿದ್ದವನು. ಅವನ ತಮ್ಮ ಇಮಾಮ್ ಬಕ್ಷ್ ಕೂಡ ಜೊತೆಗಿದ್ದ. ಆದರೆ ಲಂಡನ್ನಿನ ಕುಸ್ತಿ ಸಂಘಟಕರಿಗೆ ಗಾಮಾ ಗಿಡ್ಡನಾಗಿ ಕಂಡ. ಐದಡಿ ಏಳೆಂಟು ಅಂಗುಲದ, ಸುಮಾರು ೨೦೦ ಪೌಂಡು ತೂಕದ ಈ ಆಳು ಯುರೋಪಿನ ದೈತ್ಯರೆದುರು ಎಷ್ಟರವನು ಎಂದು ಅವನನ್ನು ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲ. ಆಗ ಗಾಮಾನ ಕಡೆಯಿಂದ ಸವಾಲೊಂದು ಹೊರಟಿತು: ಯಾವ ತೂಕದವರಾದರೂ ಸರಿ, ಮೂವರು ಜಟ್ಟಿಗಳನ್ನು ಅರ್ಧ ಗಂಟೆಯೊಳಗೆ ಅಂಗಾತ ಕೆಡಹುವೆ! ಬಹಳ ಮಂದಿ ಇದನ್ನು ಬರಿಯ ಬಡಾಯಿಯೆಂದುಕೊಂಡರು. ಕೊನೆಗೆ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಬೆಂಜಮಿನ್ ರೋಲರ್ ಎದುರಿಗೆ ಬಂದ. ವೃತ್ತಿಯಿಂದ ವೈದ್ಯ, ಹೆಸರಾಂತ ಜಟ್ಟಿ. ಗಾಮಾ ಅವನನ್ನು ಮೊದಲ ಸಲ ಎರಡು ನಿಮಿಷದೊಳಗೆ, ಎರಡನೆಯ ಸಲ ಹತ್ತು ನಿಮಿಷದೊಳಗೆ ಚಿತ್ ಮಾಡಿದ. ನಗುತ್ತಿದ್ದವರ ಬಾಯಿ ಮುಚ್ಚಿತು.

ಆಮೇಲೆ ಗೊತ್ತಾದ ಜೋಡಿಯೇ ಸ್ಟಾನಿಸ್ಲಾಸ್ ಜ್ಬಿಶ್ಕೋ. ಪೋಲೆಂಡಿನವನು, ಯುರೋಪಿನ ಅಗ್ರಗಣ್ಯ ಮಲ್ಲರಲ್ಲಿ ಒಬ್ಬ, ತೂಕದಲ್ಲಿ ಗಾಮಾನಿಗಿಂತ ಸುಮಾರು ಐವತ್ತು ಪೌಂಡು ಹೆಚ್ಚು. ಕುತ್ತಿಗೆಯೆಂಬುದು ಇದೆಯೋ ಇಲ್ಲವೋ ಎನ್ನುವಂತೆ ತಲೆ ನೇರವಾಗಿ ಹೆಗಲಿನಿಂದ ಎದ್ದಂಥ ಆಕೃತಿ. ಗೆದ್ದವನಿಗೆ ೨೫೦ ಪೌಂಡು ನಗದು, ಮೇಲೆ ‘ಜಾನ್ ಬುಲ್’ ಪತ್ರಿಕೆಯ ಹೆಸರಿನ ಜಗಜಟ್ಟಿಯ ಸೊಂಟಪಟ್ಟಿ. ಎರಡು ವರ್ಷಗಳ ಹಿಂದೆ, ೧೯೦೮ರಲ್ಲಿ, ಒಲಿಂಪಿಕ್ ಕ್ರೀಡೆಗಳು ಜರುಗಿದ್ದ ಕ್ರೀಡಾಂಗಣವೇ ಕಣ. ಆಳುವವರ ರಾಜಧಾನಿಯಲ್ಲಿ ಆಳಿಸಿಕೊಳ್ಳುವ ದೇಶದ ಪೈಲ್ವಾನನೊಬ್ಬ ಜಗತ್ತಿನ ಪಟ್ಟಕ್ಕೆ ಕೈಚಾಚಿದ್ದಾನೆ ಎಂಬುದು ನೋಡುವವರೆಲ್ಲರಿಗೂ ತಿಳಿದಿದ್ದ ಸಂಗತಿ. ಇದಕ್ಕಿಂತ ರಂಗಾದ ಪ್ರದರ್ಶನವನ್ನು ಯಾವ ವ್ಯವಸ್ಥಾಪಕನೂ ಕಟ್ಟಲಾರ.

ಕೈಗೆ ಕೈ ಕೂಡಿ ಒಂದು ನಿಮಿಷ ಕಳೆಯುವುದರೊಳಗೆ ಜ್ಬಿಶ್ಕೋ ನೆಲದ ಮೇಲಿದ್ದ. ಆದರೆ ಅವನು ಬಿದ್ದದ್ದು ಅಂಗಾತವಾಗಿಯಲ್ಲ, ಬೋರಲಾಗಿ. ಎರಡು ಭುಜಗಳೂ ನೆಲಕ್ಕೆ ತಾಗಿದರಲ್ಲವೆ ಸೋಲು? ಬೋರಲು ಬಿದ್ದವನು ಇನ್ನೂ ಸೋತವನಲ್ಲ. ಅಗಲವಾದ ಎದೆಯನ್ನು ಹಾಸಿಗೆಗೆ ಒತ್ತಿ, ಮೊಳಕೈಗಳನ್ನು ಒಳಕ್ಕೆ ಸೆಳೆದುಕೊಂಡು, ಭಾರವನ್ನೆಲ್ಲ ತಳಕ್ಕಿಳಿಸಿ ಜ್ಬಿಶ್ಕೋ ನೆಲವನ್ನು ಅಪ್ಪಿಕೊಂಡ. ಹೀಗೆ ಮಲಗಿದವನನ್ನು ಮಗುಚಬೇಕಾದರೆ ಅವನ ಕೈಯೋ ಕಾಲೋ ಒಂದಿಷ್ಟು ಹೊರಕ್ಕೆ ಬರಬೇಕು. ಹಿಡಿಯಲು ಒಂದು ಸಂದು ಸಿಕ್ಕಬೇಕು. ಮಲಗಿದವನು ಗೆಲ್ಲುವ ಆಸೆಯಿಂದ ಕದಲಿದಾಗಲೇ ಆ ಸಂದು ಹುಟ್ಟುವುದು. ಜ್ಬಿಶ್ಕೋ ಗೆಲ್ಲುವ ಆಸೆಯನ್ನು ಪೂರ್ಣವಾಗಿ ಕೈಬಿಟ್ಟಿದ್ದ. ಸೋಲಬಾರದೆಂಬ ಒಂದೇ ಹಟ ಅವನಲ್ಲಿ ಉಳಿದಿತ್ತು.

ಗಾಮಾ ಎಡಕ್ಕೆ ಬಂದ, ಬಲಕ್ಕೆ ಬಂದ; ಕುತ್ತಿಗೆಗೆ ಕೈ ಹಾಕಿದ, ಸೊಂಟಕ್ಕೆ ಹಾಕಿದ; ಬಲ್ಲ ಪಟ್ಟುಗಳನ್ನೆಲ್ಲ ಪ್ರಯೋಗಿಸಿದ. ಪೋಲೆಂಡಿನ ಬಂಡೆ ಮಗುಚಲಿಲ್ಲ. ಅರ್ಧ ಗಂಟೆ ಕಳೆಯಿತು, ಒಂದು ಗಂಟೆಯಾಯಿತು, ಎರಡಾಯಿತು. ಎರಡೂವರೆ ಗಂಟೆಗೂ ಮಿಕ್ಕಿ ಈ ಸ್ಥಿತಿ ನಡೆಯಿತು. ನೋಡುತ್ತಿದ್ದವರು ಸಿಂಹ-ಶಾರ್ದೂಲಗಳ ಕಾಳಗವನ್ನು ನಿರೀಕ್ಷಿಸಿ ಬಂದವರು. ಅವರಿಗೆ ದೊರೆತದ್ದು ಮಲಗಿದ ಒಬ್ಬ, ಅವನನ್ನು ಎಬ್ಬಿಸಲಾಗದ ಇನ್ನೊಬ್ಬ. ಕೊನೆಗೆ ಪಂದ್ಯ ಸಮವಾಯಿತೆಂದು ಸಾರಿ, ಮುಂದಿನ ವಾರ, ಅಂದರೆ ಸೆಪ್ಟೆಂಬರ್ ೧೭ರಂದು, ಮತ್ತೆ ನಡೆಸುವುದೆಂದು ಗೊತ್ತುಮಾಡಿದರು. ಜ್ಬಿಶ್ಕೋನ ತಂತ್ರವನ್ನು ಪತ್ರಿಕೆಗಳು ಹಳಿದವು.

ಇಷ್ಟು ವರ್ಷಗಳಾದ ಮೇಲೆ ಹಿಂದಿರುಗಿ ನೋಡಿದರೆ ಆ ನಿಂದೆ ಅರ್ಧ ಮಾತ್ರ ನ್ಯಾಯವೆನಿಸುತ್ತದೆ. ಪಂದ್ಯ ನೀರಸವಾಗಿತ್ತು, ದಿಟ. ಆದರೆ ನಟನೆಯ ಪಂದ್ಯವೆಂದೂ ಅಷ್ಟು ನೀರಸವಾಗುವುದಿಲ್ಲ. ಆಗಲು ಅದನ್ನು ಹೆಣೆದವರು ಬಿಡುವುದಿಲ್ಲ. ಮೊದಲೇ ಮಾತಾಡಿಕೊಂಡಿದ್ದರೆ ಜ್ಬಿಶ್ಕೋ ಹತ್ತು ಸಲ ಎದ್ದು ಹತ್ತು ಸಲ ಬಿದ್ದು ಜನರನ್ನು ಕುರ್ಚಿಯ ತುದಿಗೆ ತರುತ್ತಿದ್ದ. ಅಂದು ಅವನಿಗೆ ಗಾಮಾನ ಕೈಯ ಬಿಗಿ ಮೊದಲ ನಿಮಿಷದಲ್ಲಿಯೇ ತಿಳಿದುಹೋಗಿತ್ತು. ಎದ್ದರೆ ಕೆಟ್ಟೆ ಎಂದು ಕಂಡ ಮನುಷ್ಯ ಏಳಲಿಲ್ಲ. ಅದರಲ್ಲಿ ಶೌರ್ಯವಿರಲಿಲ್ಲ, ವಂಚನೆಯೂ ಇರಲಿಲ್ಲ.

ಅವನ ತಪ್ಪು ನಡೆದದ್ದು ಏಳು ದಿನಗಳ ಅನಂತರ. ಸೆಪ್ಟೆಂಬರ್ ೧೭ರಂದು ಗಾಮಾ ಬಂದ. ಜ್ಬಿಶ್ಕೋ ಬರಲೇ ಇಲ್ಲ. ಸೊಂಟಪಟ್ಟಿ ಗಾಮಾನಿಗೆ ಸಂದಿತು. ಆದರೆ ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸದೆ ದೊರೆತ ಪದವಿ ಗರಡಿಯ ಮನುಷ್ಯನಿಗೆ ಎಷ್ಟು ರುಚಿಸೀತು? ಒಬ್ಬನಲ್ಲಿ ಗೆಲುವು ಅರೆಯಾಗಿ ಉಳಿಯಿತು, ಇನ್ನೊಬ್ಬನಲ್ಲಿ ಕಳಂಕ ಪೂರ್ತಿಯಾಗಿ ಉಳಿಯಿತು.

ಮುಂದೆ ಜ್ಬಿಶ್ಕೋ ಅಮೆರಿಕದಲ್ಲಿ ಹೆಸರು, ಹಣ ಎರಡನ್ನೂ ಗಳಿಸಿದ. ೧೯೨೧ರಲ್ಲಿ ಎಡ್ ಲೂಯಿಸ್‌ನನ್ನು ಸೋಲಿಸಿ ಜಗಜಟ್ಟಿ ಎನಿಸಿಕೊಂಡ. ಅಷ್ಟರಲ್ಲಿ ಅಲ್ಲಿನ ವೃತ್ತಿಕುಸ್ತಿ, ಸೋಲು ಗೆಲುವುಗಳನ್ನು ವ್ಯವಸ್ಥಾಪಕರು ಮುಂಚಿತವಾಗಿ ಗೊತ್ತುಮಾಡುವ ಉದ್ಯಮವಾಗಿಬಿಟ್ಟಿತ್ತು. ೧೯೨೫ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ವೇಯ್ನ್ ಮನ್ ಎಂಬ ಜಗಜಟ್ಟಿಯ ಎದುರು ಜ್ಬಿಶ್ಕೋ ಸೋಲಬೇಕೆಂದು ಒಪ್ಪಂದವಾಗಿತ್ತು. ಮನ್ ಮೂಲತಃ ಫುಟ್‌ಬಾಲ್ ಆಟಗಾರ. ಕುಸ್ತಿ ಅವನಿಗೆ ಅಷ್ಟಕ್ಕಷ್ಟೆ. ಮುದಿಯ ಜಟ್ಟಿ ಮಾತು ಮುರಿದು ನಿಜವಾಗಿಯೇ ಕಾದಿದ. ಮನ್‌ನನ್ನು ಮತ್ತೆ ಮತ್ತೆ ಅಂಗಾತ ಕೆಡಹಿದ. ಇದರ ಹಿಂದೆಯೂ ಎದುರುಬಣದವರೊಡನೆ ಮಾಡಿಕೊಂಡಿದ್ದ ವ್ಯಾಪಾರದ ಲೆಕ್ಕವಿತ್ತು. ಆದರೂ ನಿಜವಾದ ಪಟ್ಟೊಂದು ಬಿದ್ದಾಗ ನಟನೆಯ ಪದವಿ ಎಷ್ಟು ಹೊತ್ತು ನಿಲ್ಲುವುದೆಂಬುದನ್ನು ಆ ರಾತ್ರಿ ಎಲ್ಲರೂ ಕಂಡರು.

ಇಂಥವನು ಐವತ್ತರ ಆಸುಪಾಸಿನ ವಯಸ್ಸಿನಲ್ಲಿ ಸಮುದ್ರ ದಾಟಿ ಹಿಂದೂಸ್ಥಾನಕ್ಕೆ ಬಂದ. ೧೯೨೮ರ ಜನವರಿ ೨೯ರಂದು ಪಟಿಯಾಲದಲ್ಲಿ, ಮಹಾರಾಜ ಭೂಪಿಂದರ್ ಸಿಂಗರ ಆಶ್ರಯದಲ್ಲಿ, ಹದಿನೇಳು ವರ್ಷಗಳ ಹಿಂದೆ ತಪ್ಪಿಸಿಕೊಂಡಿದ್ದ ಪಂದ್ಯ ಕೊನೆಗೂ ಜರುಗಿತು. ಗಾಮಾನಿಗೂ ಅಷ್ಟೇ ವಯಸ್ಸು. ಈ ಸಲ ಕಾಲ ಕೆಳಗೆ ಲಂಡನ್ನಿನ ಹಾಸಿಗೆಯಿರಲಿಲ್ಲ, ಅಖಾಡದ ಮಣ್ಣಿತ್ತು. ಎರಡನೆಯ ಸಲ ಜ್ಬಿಶ್ಕೋ ಬೋರಲು ಮಲಗಲಿಲ್ಲ, ಎದುರು ನಿಂತ. ಒಂದು ನಿಮಿಷ ತುಂಬುವುದರೊಳಗೆ ಅವನ ಬೆನ್ನು ಮಣ್ಣನ್ನು ಮುಟ್ಟಿತ್ತು. ಸಹಸ್ರಾರು ಜನ ಕಾದು ಕುಳಿತಿದ್ದ ಪಂದ್ಯ ಅವರು ಕಣ್ಣು ನೆಟ್ಟು ನೋಡುವಷ್ಟರಲ್ಲಿ ಮುಗಿದಿತ್ತು. ಆಟವೆಂದು ನೋಡಿದರೆ ಇದೂ ಲಾಭದ ಆಟವೇನಲ್ಲ. ಎರಡೂವರೆ ಗಂಟೆಯದು ಅತಿ ದೀರ್ಘ, ಒಂದು ನಿಮಿಷದ್ದು ಅತಿ ಹ್ರಸ್ವ. ಟಿಕೇಟಿನ ಬೆಲೆಗೆ ಸರಿಯಾಗಿ ಅಳೆದು ಕೊಡುವ ಗುಣ ನಿಜವಾದ ಕುಸ್ತಿಗಿಲ್ಲ. ಆದರೆ ಲಂಡನ್ನಿನಲ್ಲಿ ಉಳಿದಿದ್ದ ಸಾಲ ಅಂದು ತೀರಿತು. ಅದನ್ನು ತೀರಿಸಲು ಅಷ್ಟು ದೂರ ಬಂದವನಿಗೂ ಒಂದಿಷ್ಟು ಗೌರವ ಸಲ್ಲಬೇಕಾದುದೇ.

ಕಥೆಗೆ ಇನ್ನೊಂದು ಪುಟವುಂಟು. ೧೯೫೦ರಲ್ಲಿ ‘ನೈಟ್ ಅಂಡ್ ದಿ ಸಿಟಿ’ ಎಂಬ ಚಲನಚಿತ್ರ ಹೊರಬಂತು. ಅದರಲ್ಲಿ ಗ್ರೆಗೋರಿಯಸ್ ಎಂಬ ವೃದ್ಧ ಜಟ್ಟಿಯ ಪಾತ್ರ ವಹಿಸಿದವನು ಎಪ್ಪತ್ತರ ಸಮೀಪದ ಜ್ಬಿಶ್ಕೋ. ಕಥೆ ನಡೆಯುವುದು ಅದೇ ಲಂಡನ್ನಿನಲ್ಲಿ. ಸ್ವಂತ ಮಗನೇ ನಡೆಸುವ ಕುಸ್ತಿಯ ಸೋಗನ್ನು ಕಂಡು ಹೇಸುವ ಆ ಮುದುಕ ಕೊನೆಗೆ ತಾನೇ ಕಣಕ್ಕಿಳಿಯುತ್ತಾನೆ. ಸೋಗಿನ ಜಟ್ಟಿಯೊಬ್ಬನನ್ನು ನಿಜವಾಗಿ ಹಿಡಿದು ಮಣಿಸಿ, ಆ ಆಯಾಸದಲ್ಲಿಯೇ ಪ್ರಾಣ ಬಿಡುತ್ತಾನೆ. ಆ ದೃಶ್ಯವನ್ನು ನೋಡುವವರು ಇದು ಅಭಿನಯವೆಂಬುದನ್ನು ಮರೆಯುತ್ತಾರೆ.

ಗಾಮಾ ೧೯೬೦ರಲ್ಲಿ ಲಾಹೋರಿನಲ್ಲಿ, ಜ್ಬಿಶ್ಕೋ ೧೯೬೭ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಅವರ ಕಾಲದ ಮ್ಯೂಸಿಕ್ ಹಾಲ್‌ಗಳಲ್ಲಿ ಜನರನ್ನು ರಂಜಿಸಿದ ಪಂದ್ಯಗಳು ಎಷ್ಟೋ. ಬಹುತೇಕ ಎಲ್ಲವೂ ಇಂದು ಮರೆವಿಗೆ ಸಂದಿವೆ. ಜನ ಬೇಸತ್ತು ಎದ್ದುಹೋದ ಆ ಸೆಪ್ಟೆಂಬರಿನ ಸಂಜೆಯನ್ನು ಮಾತ್ರ ಕುಸ್ತಿ ಬಲ್ಲವರು ಇನ್ನೂ ಮಾತಾಡಿಕೊಳ್ಳುತ್ತಾರೆ.