ಗದ್ದಲ ತೆಗೆದರೆ ಹಾಡು ಚಲೋ ಐತಿ

"ಗದ್ದಲ ತೆಗೆದರೆ ಹಾಡು ಚಲೋ ಐತಿ."

ವಿಲ್ಕೋ ಎಂಬ ಅಮೆರಿಕದ ಬ್ಯಾಂಡಿನ 'ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್' ಆಲ್ಬಮ್ ಬಗ್ಗೆ ನಾನು ಕೊಟ್ಟ ಮೊದಲ ಅಭಿಪ್ರಾಯ ಇದು. ಅದರಲ್ಲಿ ಹನ್ನೊಂದು ಹಾಡುಗಳಿವೆ. ನಾನು ಕೇಳಿದ್ದು ಒಂದೂವರೆ ಹಾಡು.

2018ರ ಮಳೆಗಾಲ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಹಾಸ್ಟೆಲ್ಲಿನ ರೂಮ್‌ಮೇಟ್ ಗದಗ ಕಡೆಯ ಹಳ್ಳಿಯವನು. ಅವನ ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು, ಹಾಗಾಗಿ ನಮಗೆಲ್ಲ ಅವನು 'ಗಿರಣಿ'. ಒಂದು ಸಂಜೆ ಪೆನ್‌ಡ್ರೈವ್ ಕೈಗಿಟ್ಟು, "ಪೂರಾ ಕೇಳಲೇ, ಆಮೇಲೆ ಮಾತಾಡು" ಎಂದ. ಮೊದಲ ಹಾಡೇ ಹೆಚ್ಚುಕಡಿಮೆ ಏಳು ನಿಮಿಷ. ಯಾರೋ ಪಾತ್ರೆ ಸಾಮಾನು ಜರುಗಿಸುತ್ತಿರುವಂತೆ ಡ್ರಮ್ಮು, ಪಕ್ಕದ ಕೋಣೆಯಲ್ಲಿ ಮರೆತು ಬಿಟ್ಟಂತೆ ಪಿಯಾನೋ, ಇವುಗಳ ನಡುವೆ ನಿದ್ದೆಗಣ್ಣಿನ ಒಂದು ದನಿ. ಎರಡನೆಯ ಹಾಡು ಸಲೀಸಾಗಿಯೇ ಇತ್ತು. ಆದರೆ ಅಷ್ಟರಲ್ಲಿ ನನ್ನ ತೀರ್ಪು ತಯಾರಾಗಿತ್ತು. ಇಯರ್‌ಫೋನ್ ತೆಗೆದು ಮೇಲಿನ ವಾಕ್ಯ ಹೇಳಿದೆ. ಅವನು ವಾದ ಮಾಡಲಿಲ್ಲ.

ವಾರದ ನಂತರ ಅದೇ ಪೆನ್‌ಡ್ರೈವ್ ಮತ್ತೆ ಬಂತು. ಈ ಸಲ ಅದರಲ್ಲಿದ್ದದ್ದು ಅವನವೇ ಏಳು ಹಾಡುಗಳು. ಗಿಟಾರು, ಅವನ ಒಡೆದ ದನಿ, ಮತ್ತು ಎಲ್ಲ ಹಾಡುಗಳ ಅಡಿಯಲ್ಲಿ ಊರಲ್ಲಿ ಮೊಬೈಲಿನಿಂದ ಹಿಡಿದು ತಂದಿದ್ದ ಸದ್ದುಗಳು. ಗಿರಣಿಯ ಬೆಲ್ಟು ತಿರುಗುವುದು, ಡಬ್ಬಿಗೆ ಹಿಟ್ಟು ಬೀಳುವುದು, ಸರತಿಗೆ ನಿಂತ ಹೆಂಗಸರ ಮಾತು. ಆಗ ನಾನು ವಿಮರ್ಶೆಯ ಪೇಪರಿನಲ್ಲಿ ತರಗತಿಗೇ ಹೆಚ್ಚು ಅಂಕ ಪಡೆದವನು, ಆ ಬಿಗುಮಾನ ಮೈಮೇಲಿತ್ತು. ಅವನಿಗೆ ಏನು ಹೇಳಿದೆನೆಂದು ಮತ್ತೆ ಬರೆಯಬೇಕಾಗಿಲ್ಲ. ಅದೇ ವಾಕ್ಯ, ಒಂದಕ್ಷರವೂ ವ್ಯತ್ಯಾಸವಿಲ್ಲದೆ. "ಮೂರನೇದು ಮಾತ್ರ ಪೂರಾ ಬಿಟ್ಟುಬಿಡು" ಎಂದು ಬೇರೆ ಸೇರಿಸಿದೆ. ಆಮೇಲೆ ಅವನು ನನಗೆ ಹಾಡು ಕೇಳಿಸಲಿಲ್ಲ. ಕೋರ್ಸು ಮುಗಿಯಿತು, ಅವನು ಬ್ಯಾಂಕ್ ಪರೀಕ್ಷೆ ಬರೆದು ಕೆಲಸಕ್ಕೆ ಹೋದ, ನಾನು ಸಂಶೋಧನೆಗೆ ಬಂದೆ.

ಇದೆಲ್ಲ ಮತ್ತೆ ನೆನಪಾದದ್ದು ನನ್ನ ಪ್ರಬಂಧದ ಎರಡನೆಯ ಅಧ್ಯಾಯದಿಂದ. ವಿಷಯ 'ಸಹೃದಯ'. ಆನಂದವರ್ಧನ, ಅಭಿನವಗುಪ್ತರಿಂದ ಹಿಡಿದು ಹೊಸಗನ್ನಡ ವಿಮರ್ಶೆಯವರೆಗೆ ಈ ಸಹೃದಯ ಏನೇನಾಗಿ ಬಂದಿದ್ದಾನೆ ಎಂದು ಎಂಬತ್ತು ಪುಟ ಬರೆದಿದ್ದೆ. ಮಾರ್ಗದರ್ಶಕರು ಹಸ್ತಪ್ರತಿ ಹಿಂತಿರುಗಿಸಿದಾಗ ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಹೀಗಿತ್ತು: "ಇಲ್ಲಿ ಸಹೃದಯ ಅಂದರೆ ಪ್ರತಿ ಸಲವೂ ನೀವೇ ಆಗಿಬಿಡುತ್ತೀರಲ್ಲ?" ಅಂದು ರಾತ್ರಿ ಪುಟ ತಿದ್ದಲು ಕೂತವನು, ಯಾಕೋ ಗೊತ್ತಿಲ್ಲ, ಹಳೆಯ ಪೆನ್‌ಡ್ರೈವ್ ಹುಡುಕಿದೆ. ಸಿಗಲಿಲ್ಲ. ವಿಲ್ಕೋ ಆಲ್ಬಮ್ ಬೇರೆಡೆ ಸಿಕ್ಕಿತು. ಮೊದಲ ಸಲ ಪೂರಾ ಕೇಳಿದೆ. ಮರುದಿನದಿಂದ ಅದರ ಕಥೆ ಓದತೊಡಗಿದೆ. ನನ್ನ ಅಧ್ಯಾಯಕ್ಕೆ ಬೇಕಾದ ಪ್ರಶ್ನೆ ಅಲ್ಲಿತ್ತು: ಒಂದು ಕೃತಿ ಹೇಗಿದೆ ಎಂದು ಹೇಳುವ ಅಧಿಕಾರ ಯಾರಿಗೆ, ಯಾವಾಗ ಬರುತ್ತದೆ?

ವಿಲ್ಕೋ ಶಿಕಾಗೋದ ಬ್ಯಾಂಡು. 1994ರಲ್ಲಿ, ಅಂಕಲ್ ಟುಪೆಲೋ ಎಂಬ ಬ್ಯಾಂಡು ಒಡೆದ ಮೇಲೆ ಹುಟ್ಟಿದ್ದು. ಹಾಡುಗಾರ ಜೆಫ್ ಟ್ವೀಡಿ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತವನ್ನು ರಾಕ್ ಜೊತೆ ಬೆರೆಸುವವರೆಂದು ಅವರಿಗೆ ಹೆಸರು ಬಂದಿತ್ತು. 1999ರ 'ಸಮ್ಮರ್‌ಟೀತ್' ಹೊತ್ತಿಗೆ ಅವರು ಆ ಹೆಸರಿನಿಂದ ತಪ್ಪಿಸಿಕೊಳ್ಳುವ ದಾರಿಯಲ್ಲಿದ್ದರು. ನಾಲ್ಕನೆಯದಾದ ಈ ಆಲ್ಬಮ್ಮನ್ನು ಅವರು 2001ರಲ್ಲಿ ರಿಪ್ರೈಸ್ ಕಂಪನಿಗೆ ಒಪ್ಪಿಸಿದಾಗ, ಇದನ್ನು ಹೀಗೇ ಹೊರತರಲಾಗದು ಎಂಬ ಉತ್ತರ ಬಂತು. ಬ್ಯಾಂಡು ಬದಲಿಸಲು ಒಪ್ಪಲಿಲ್ಲ. ಇಬ್ಬರೂ ಬೇರೆಯಾದರು, ಧ್ವನಿಮುದ್ರಣ ಬ್ಯಾಂಡಿನ ಕೈಯಲ್ಲೇ ಉಳಿಯಿತು. ಮಾರುವವರಿಲ್ಲದ ಆಲ್ಬಮ್ಮನ್ನು ಅವರು 2001ರ ಸೆಪ್ಟೆಂಬರ್ 18ರಂದು ತಮ್ಮ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಕೇಳುವಂತೆ ಇಟ್ಟುಬಿಟ್ಟರು. ಆಮೇಲಿನ ಕಛೇರಿಗಳಲ್ಲಿ, ಇನ್ನೂ ಅಂಗಡಿಗೇ ಬಾರದ ಹಾಡುಗಳನ್ನು ಎದುರು ನಿಂತ ಜನ ಬಾಯಿಪಾಠವಾದವರಂತೆ ಜೊತೆಗೂಡಿ ಹಾಡಿದರು.

2002ರ ಏಪ್ರಿಲ್ 23ರಂದು ನಾನ್‌ಸಚ್ ಎಂಬ ಇನ್ನೊಂದು ಕಂಪನಿ ಅದನ್ನು ಹೊರತಂದಿತು. ತಮಾಷೆಯೆಂದರೆ ರಿಪ್ರೈಸ್ ಮತ್ತು ನಾನ್‌ಸಚ್ ಎರಡೂ ವಾರ್ನರ್ ಎಂಬ ಒಂದೇ ಮನೆಯ ಮಕ್ಕಳು. ಒಂದು ಬಾಗಿಲಲ್ಲಿ ಬೇಡವೆಂದು ಕಳಿಸಿದ್ದನ್ನು ಇನ್ನೊಂದು ಬಾಗಿಲಲ್ಲಿ ದುಡ್ಡು ಕೊಟ್ಟು ಒಳಗೆ ಕರೆದರು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 13ನೆಯ ಸ್ಥಾನಕ್ಕೆ ಬಂತು. ಪಿಚ್‌ಫೋರ್ಕ್ ಪತ್ರಿಕೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿತು. ಕಂಪನಿ ಮತ್ತು ಬ್ಯಾಂಡಿನ ಈ ಜಗ್ಗಾಟವನ್ನು ಸ್ಯಾಮ್ ಜೋನ್ಸ್ ಕಪ್ಪುಬಿಳುಪಿನ ಸಾಕ್ಷ್ಯಚಿತ್ರವಾಗಿ ಮಾಡಿದರು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಲಭದ ನೀತಿಕಥೆ: ಕಂಪನಿಗೆ ಕಿವಿಯಿಲ್ಲ, ಜನಕ್ಕೆ ಇದೆ. ಮೊದಮೊದಲು ನಾನೂ ಹಾಗೇ ಓದಿಕೊಂಡೆ. ನನ್ನನ್ನು ಕಂಪನಿಯ ಜಾಗದಲ್ಲಿ ನಿಲ್ಲಿಸಿಕೊಂಡು ನಾಲ್ಕು ದಿನ ಕೊರಗಿದೆ ಕೂಡ. ಆದರೆ ಕೇಳುಗರ ಅಭಿಪ್ರಾಯಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ವಿಷಯ ಅಷ್ಟು ಸಲೀಸಿಲ್ಲ ಅನಿಸತೊಡಗಿತು.

ಒಂದು ಬಗೆಯ ಕೇಳುಗರು ಈ ಆಲ್ಬಮ್ಮನ್ನು 2001ರ ಸೆಪ್ಟೆಂಬರ್ 11ರ ಶೋಕಗೀತೆ ಎಂದು ಕೇಳುತ್ತಾರೆ. ಮೂಲತಃ ಬಿಡುಗಡೆಗೆ ಗೊತ್ತಾಗಿದ್ದ ದಿನವೂ ಅದೇ. ಮುಖಪುಟದಲ್ಲಿ ಎರಡು ಎತ್ತರದ ಕಟ್ಟಡಗಳಿವೆ. ಒಂದು ಹಾಡಿನ ಹೆಸರಿನಲ್ಲೇ ಅಮೆರಿಕದ ಬಾವುಟಗಳ ಬೂದಿಯಿದೆ, ಇನ್ನೊಂದರ ಹೆಸರಿನಲ್ಲಿ ಯುದ್ಧದ ಮೇಲೆ ಯುದ್ಧವಿದೆ. ಆದರೆ ಆ ಕಟ್ಟಡಗಳು ಶಿಕಾಗೋದ ಮರೀನಾ ಸಿಟಿಯವು. ಹಾಡುಗಳು ಮುಗಿದದ್ದು ಆ ದಿನಕ್ಕಿಂತ ತಿಂಗಳುಗಳ ಮೊದಲು. ಹಾಗಾದರೆ ಆ ಕೇಳುಗರು ತಪ್ಪೇ? ಗೋಪುರಗಳು ಬಿದ್ದ ಒಂದು ವಾರಕ್ಕೆ ಮನೆಯಲ್ಲಿ ಕೂತು ಈ ಹಾಡುಗಳನ್ನು ಮೊದಲ ಸಲ ಕೇಳಿದವನಿಗೆ ಬೇರೆ ಯಾವ ಅರ್ಥ ಹುಟ್ಟಲು ಸಾಧ್ಯವಿತ್ತು? ವಾಚ್ಯಾರ್ಥ ಮೀರಿ ಹೊಳೆಯುವುದನ್ನು ಧ್ವನಿ ಎಂದರು ನಮ್ಮ ಮೀಮಾಂಸಕರು, ಸಹೃದಯನಿಲ್ಲದೆ ಅದು ಹೊಳೆಯದು ಎಂದೂ ಹೇಳಿದರು. ಅದನ್ನು ನಾನು ಎಂಬತ್ತು ಪುಟ ಬರೆದಿದ್ದೆ. ಆ ಸಹೃದಯನಿಗೂ ಒಂದು ದಿನಾಂಕ, ಒಂದು ಊರು, ಒಂದು ಭಯ ಇರುತ್ತದೆ ಎಂದು ಎಲ್ಲಿಯೂ ಬರೆದಿರಲಿಲ್ಲ.

ಇನ್ನೊಂದು ಬಗೆಯ ಕೇಳುಗರು ನನ್ನ ಪಕ್ಷದವರು. ಇವು ಸರಳವಾದ, ಒಳ್ಳೆಯ ಹಾಡುಗಳು, ಮೇಲೆ ಸುಮ್ಮನೆ ಸದ್ದು ಸವರಿ ಗಹನವೆಂದು ತೋರಿಸಿದ್ದಾರೆ ಎನ್ನುವವರು. ಕಂಪನಿ ತಿರಸ್ಕರಿಸಿತೆಂಬ ಕಥೆಯಿಲ್ಲದಿದ್ದರೆ ಇಷ್ಟು ಮೆರೆಸುತ್ತಿದ್ದರೇ ಎಂದೂ ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತಿರಸ್ಕಾರಗೊಂಡದ್ದೆಲ್ಲ ಮೇರುಕೃತಿಯಾಗುವುದಿಲ್ಲ. 2022ರಲ್ಲಿ, ಇಪ್ಪತ್ತನೆಯ ವರ್ಷದ ನೆಪದಲ್ಲಿ, ಅದೇ ಹಾಡುಗಳ ಹಳೆಯ ಕರಡುಗಳೆಲ್ಲ ಹೊರಬಂದವು. ಒಂದೊಂದು ಹಾಡು ಎಷ್ಟೊಂದು ವೇಷದಲ್ಲಿ ಇತ್ತು ಎಂದು ಆಗ ಎಲ್ಲರಿಗೂ ಕೇಳಿಸಿತು. ಕರಡೇ ಚೆನ್ನಾಗಿತ್ತು ಎನ್ನುವ ಹೊಸ ಪಕ್ಷವೊಂದು ಹುಟ್ಟಿಕೊಂಡಿತು.

ಅಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿಯೊಂದಿದೆ. ಈ ಆಲ್ಬಮ್ಮಿನ ಅಂತಿಮ ಮಿಶ್ರಣ ಮಾಡಿದವರು ಜಿಮ್ ಓ'ರೂರ್ಕ್. ಪ್ರಯೋಗಶೀಲ ಸಂಗೀತಕ್ಕೆ ಹೆಸರಾದವರು, ಹಾಗಾಗಿ ಗದ್ದಲವನ್ನೆಲ್ಲ ತಂದು ಸುರಿದವರು ಅವರೇ ಎಂದು ನಾನು ಎಣಿಸಿದ್ದೆ. ನಿಜ ತಿರುಗುಮುರುಗಾಗಿತ್ತು. ಟ್ವೀಡಿ ಮತ್ತು ಜೊತೆಗಾರ ಜೇ ಬೆನೆಟ್ ಪದರದ ಮೇಲೆ ಪದರ ಪೇರಿಸಿದ್ದರು, ಓ'ರೂರ್ಕ್ ಮಾಡಿದ ಕೆಲಸ ಬಹುಮಟ್ಟಿಗೆ ತೆಗೆಯುವುದು. (ಆಲ್ಬಮ್ ಮುಗಿಯುತ್ತಲೇ ಬೆನೆಟ್ ಬ್ಯಾಂಡು ಬಿಡಬೇಕಾಯಿತು. ಆ ಕಥೆ ಬೇರೆಯೇ ಇದೆ.) ಅಂದರೆ "ಗದ್ದಲ ತೆಗಿ" ಎಂದು ಹೇಳಿದವರು ಅಲ್ಲಿಯೂ ಇದ್ದರು, ಮತ್ತು ಅವರ ಮಾತಿನಿಂದಲೇ ಆ ಹಾಡುಗಳಿಗೆ ಗಾಳಿ ಬೆಳಕು ಬಂತು! ಹಾಗಾದರೆ ನಾನು ಗಿರಣಿಗೆ ಹೇಳಿದ್ದರಲ್ಲಿ ತಪ್ಪೇನು?

ಉತ್ತರ ಹತ್ತನೆಯ ಹಾಡಿನ ಕೊನೆಯಲ್ಲಿತ್ತು. ವಾದ್ಯಗಳೆಲ್ಲ ಕದಡಿ ಮೊರೆಯುವಾಗ ಅವುಗಳ ನಡುವಿನಿಂದ ಒಬ್ಬ ಹೆಂಗಸಿನ ನಿರ್ಭಾವದ ದನಿ ಮೂರು ಪದಗಳನ್ನು ಹೇಳುತ್ತಲೇ ಇರುತ್ತದೆ. ಯಾಂಕೀ, ಹೋಟೆಲ್, ಫಾಕ್ಸ್‌ಟ್ರಾಟ್. ಅದು ಶಾರ್ಟ್‌ವೇವ್ ರೇಡಿಯೋದ ಧ್ವನಿ. ಶೀತಲ ಸಮರದ ಕಾಲದಲ್ಲಿ ಹೆಸರಿಲ್ಲದ ಕೆಲವು ಬಾನುಲಿ ಕೇಂದ್ರಗಳು ಬರೀ ಅಂಕಿಗಳನ್ನೋ ಅಕ್ಷರಗಳನ್ನೋ ಓದುತ್ತಿದ್ದವು. ಎಲ್ಲೋ ದೂರದಲ್ಲಿ ಕೂತ ಗೂಢಚಾರರಿಗೆ ಅದು ಸಂದೇಶವೆಂದು ನಂಬಿಕೆ. ಅಂಥ ಧ್ವನಿಗಳನ್ನು ಒಟ್ಟುಹಾಕಿ 1997ರಲ್ಲಿ ಲಂಡನ್ನಿನ ಇರ್ಡಿಯಲ್ ಎಂಬ ಸಂಸ್ಥೆ 'ದಿ ಕಾನೆಟ್ ಪ್ರಾಜೆಕ್ಟ್' ಎಂಬ ಸಂಗ್ರಹ ತಂದಿತ್ತು. ವಿಲ್ಕೋ ಅದರಿಂದ ಈ ದನಿಯನ್ನು ಕೇಳದೆಯೇ ಎತ್ತಿಕೊಂಡರು, ಆಮೇಲೆ ಆ ಸಂಸ್ಥೆ ದಾವೆ ಹೂಡಿ ರಾಜಿಯಾಯಿತು. ಅಷ್ಟೆಲ್ಲ ತೆಗೆದುಹಾಕಿದ ಮೇಲೂ ಈ ದನಿ ಉಳಿದಿದೆ, ಇಡೀ ಆಲ್ಬಮ್ಮಿಗೆ ಹೆಸರೂ ಆಗಿದೆ. ಸಂಕೇತದ ಕೀಲಿ ಇದ್ದವನಿಗೆ ಅದು ಮಾತು, ಉಳಿದ ಲೋಕಕ್ಕೆ ಗದ್ದಲ. ಅದನ್ನು ತೆಗೆದರೆ ಹಾಡೇ ಹೋಗುತ್ತದೆ ಎಂದು ತಿಳಿಯಲು ಎಲ್ಲವನ್ನೂ ಕೊನೆಯತನಕ ಕೇಳಿರಬೇಕು. ಓ'ರೂರ್ಕ್ ಕೇಳಿದ್ದರು, ನಾನು ಕೇಳಿರಲಿಲ್ಲ. ನಾವಿಬ್ಬರೂ ಹೇಳಿದ ಮಾತು ಒಂದೇ ಇರಬಹುದು, ಅದನ್ನು ಹೇಳುವ ಮೊದಲು ಕಳೆದ ಹೊತ್ತು ಒಂದೇ ಅಲ್ಲ.

'ಕವಿರಾಜಮಾರ್ಗ'ದಲ್ಲಿ ಒಂದು ಹೋಲಿಕೆಯಿದೆ. ಕಣ್ಣು ತನ್ನ ಕಾಡಿಗೆಯನ್ನು ತಾನು ಕಾಣದು, ಹಾಗೆಯೇ ಬರೆದವನಿಗೆ ತನ್ನ ಕಾವ್ಯದ ದೋಷ ಕಾಣದು. ಆದ್ದರಿಂದ ಬೇರೆಯವರ ಕಣ್ಣು ಬೇಕು. ಈ ಮಾತನ್ನು ನಾನು ಎಷ್ಟೋ ಸೆಮಿನಾರುಗಳಲ್ಲಿ ವಿಮರ್ಶಕನ ಹಕ್ಕುಪತ್ರದ ಹಾಗೆ ಬಳಸಿದ್ದೇನೆ. ಗಿರಣಿ ನನ್ನೆದುರು ಕೂತು ಕಾಡಿಗೆ ನೆಟ್ಟಗಿದೆಯೇ ನೋಡು ಎಂದಿದ್ದ. ನಾನು ನೆಟ್ಟಗೆ ಮುಖ ಕೂಡ ನೋಡದೆ ತೊಳೆದುಕೊಂಡು ಬಾ ಎಂದಿದ್ದೆ.

ಆರು ವರ್ಷಗಳ ಮೇಲೆ ಅವನಿಗೆ ಫೋನ್ ಮಾಡಿದೆ. ವರ್ಗ, ಮದುವೆ, ಮನೆಬಾಡಿಗೆ ಎಲ್ಲ ಆದಮೇಲೆ, ಆ ಹಾಡು ಇನ್ನೂ ಅದಾವೇನೋ ಎಂದು ಕೇಳಿದೆ.

"ಎಲ್ಲೀವಪಾ, ಆ ಲ್ಯಾಪ್‌ಟಾಪೇ ಹೋತು. ಪೆನ್‌ಡ್ರೈವ್ ನಿನ್ನ ಹತ್ರನ ಇತ್ತಲ್ಲ?"

ನನ್ನ ಹತ್ತಿರವೇ ಇತ್ತು. ಅವನು ವಾಪಸು ಕೇಳಿರಲಿಲ್ಲ, ನಾನು ಕೊಟ್ಟಿರಲಿಲ್ಲ. ಯಾವ ರೂಮು ಬದಲಿಸುವಾಗ ಕಳೆಯಿತೋ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

"ಗಿರಣಿನೂ ಈಗಿಲ್ಲ. ಅಪ್ಪಗ ಆಗಲಿಲ್ಲ, ಮಷೀನ್ ಮಾರಿಬಿಟ್ವಿ. ಆ ಸಪ್ಪಳ ಇನ್ನೊಮ್ಮೆ ಕೇಳಬೇಕು ಅಂತ ಅವ್ವ ಒಮ್ಮೊಮ್ಮೆ ಅಂತಾಳ" ಎಂದ. ಅವನ ದನಿಯಲ್ಲಿ ಆಪಾದನೆ ಇರಲಿಲ್ಲ. ಅದು ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ನಾನು ಕ್ಷಮೆಯಂಥದ್ದೇನೋ ತೊದಲಲು ಹೋದಾಗ ನಕ್ಕುಬಿಟ್ಟ. "ನೀ ಹೇಳಿದಿ ಅಂತ ಬಿಟ್ಟಿಲ್ಲಲೇ, ಅಷ್ಟ ದೊಡ್ಡಾಂವಂತ ತಿಳ್ಕೋಬ್ಯಾಡ. ಮೂರನೇ ಹಾಡು ಖರೇನ ಕೆಟ್ಟಿತ್ತು."

ಆ ಮೂರನೆಯ ಹಾಡು ಹೇಗಿತ್ತೆಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಒಂದು ಸಾಲೂ ನೆನಪಾಗಲಿಲ್ಲ. ನನ್ನ ಅಭಿಪ್ರಾಯ ಮಾತ್ರ ಉಳಿದಿದೆ.

ಫೋನಿಡುವ ಮೊದಲು ಅವನೇ ಕೇಳಿದ, "ವಿಲ್ಕೋ ಪೂರಾ ಕೇಳಿದ್ಯೋ ಇಲ್ಲೋ?"

"ಕೇಳಿದೆ. ನಾಲ್ಕು ಸರ್ತೆ."

"ಕಡೀ ಹಾಡು?"

ಕೊನೆಯ ಹಾಡು ಏಳು ನಿಮಿಷ ದಾಟುತ್ತದೆ. ಹಾಡು ಮುಗಿದ ಮೇಲೂ ಸದ್ದು ನಿಧಾನವಾಗಿ ಇಂಗುತ್ತ ಹೋಗುತ್ತದೆ. ಅವನನ್ನು ಖುಷಿಪಡಿಸುವ ಒಂದು ಉತ್ತರ ನಾಲಿಗೆಯ ಮೇಲಿತ್ತು. ಅದನ್ನು ನುಂಗಿಕೊಂಡೆ.

"ಭಾಳ ಉದ್ದ ಆತು ಅನಿಸ್ತು ನೋಡು."

"ಹೌದಲ್ಲ?" ಎಂದ ಗಿರಣಿ. "ನನಗೂ ಹಂಗ ಅನಸ್ತದ." ಆಮೇಲೆ ಅರ್ಧ ಗಂಟೆ ನಾವು ಆ ಹಾಡು ಎಲ್ಲಿಗೆ ನಿಲ್ಲಬೇಕಿತ್ತು ಎಂದು ಜಗಳಾಡಿದೆವು.