ಎಂಟು ನಿಮಿಷ ಹದಿಮೂರು ಸೆಕೆಂಡು

2021, ಆಗಸ್ಟ್ 1. ಟೋಕಿಯೊ ಒಲಿಂಪಿಕ್ಸ್. ಕೊಲ್ಲಿಯಲ್ಲಿ ಕಸ ಸುರಿದು ಎಬ್ಬಿಸಿದ ನೆಲ. ಬೆಳಗಿಗೇ ಉರಿಯುವ ಸೆಕೆ. ಹೊರಡುವ ಗೆರೆಯಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ, ವಯಸ್ಸು 29. ಜೀನಿನ ಕೆಳಗೆ ಸೀನ್ಯೋರ್ ಮೆಡಿಕಾಟ್, 15 ವರ್ಷದ ಕಂದು ಕುದುರೆ. ಮುದ್ದಿನ ಹೆಸರು ಮಿಕಿ. ಎಣಿಕೆ ಮುಗಿಯಿತು. ಲಗಾಮು ಸಡಿಲಿತು. ಮಿಕಿ ನುಗ್ಗಿತು.

ಮುಂದಿರುವುದು ಸುಮಾರು 4.4 ಕಿಲೋಮೀಟರ್. ಬೆಂಗಳೂರಿನಲ್ಲಾದರೆ ರಾಜಾಜಿನಗರದ ನವರಂಗ್‌ನಿಂದ ವಿಜಯನಗರಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ಇಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆತ. ಹಳ್ಳ, ದಿಬ್ಬ, ನೀರು, 1.20 ಮೀಟರ್ ಎತ್ತರದ ದಿಮ್ಮಿಗಳು. ತಾಗಿದ ಕೂಡಲೇ ಉರುಳುವ ಹಗುರ ಕಂಬಗಳಲ್ಲ ಇವು. ಇಲ್ಲಿ ತಾಗಿದರೆ ಉರುಳುವುದು ಕುದುರೆ.

ಗಡುವು 7 ನಿಮಿಷ 45 ಸೆಕೆಂಡು. ನಿಮಿಷಕ್ಕೆ 570 ಮೀಟರ್ ಓಡಬೇಕು, ಹಾರುತ್ತಲೇ ಓಡಬೇಕು. ತಡವಾದ ಪ್ರತಿ ಸೆಕೆಂಡಿಗೆ 0.4 ದಂಡ. ಕುದುರೆ ಒಮ್ಮೆ ಮೊಂಡುಬಿದ್ದು ನಿಂತರೆ 20. ಸವಾರ ಬಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಅದಕ್ಕೇ ಈವೆಂಟಿಂಗ್ ಎಂಬ ಈ ಆಟದವರು ಗಾಳಿಕವಚ ತೊಡುತ್ತಾರೆ; ಅದರ ಹುರಿಯ ತುದಿ ಜೀನಿಗೆ ಬಿಗಿದಿರುತ್ತದೆ. ಸವಾರ ಎಗರಿಬಿದ್ದರೆ ಹುರಿ ಕಿತ್ತು, ಅನಿಲ ನುಗ್ಗಿ, ಮೈ ನೆಲ ಮುಟ್ಟುವ ಮೊದಲೇ ಕವಚ ಉಬ್ಬಬೇಕು.

ಈ ಹುಚ್ಚು ಸಾಹಸದ ಬೇರು ಐರ್ಲೆಂಡಿನ ಹೊಲಗಳಲ್ಲಿದೆ. 1752ರಲ್ಲಿ ಕಾರ್ಕ್ ಸೀಮೆಯ ಇಬ್ಬರು ಬಾಜಿ ಕಟ್ಟಿ ಬಟೆವೆಂಟ್ ಊರಿನ ಚರ್ಚಿನಿಂದ ಡೊನೆರೇಲ್ ಚರ್ಚಿನ ಗೋಪುರದತ್ತ ಕುದುರೆ ಬಿಟ್ಟರಂತೆ. ಕಲ್ಲುಗೋಡೆ, ಬೇಲಿ, ತೋಡು... ಅಡ್ಡ ಬಂದದ್ದನ್ನೆಲ್ಲ ಹಾರಬೇಕು, ಅಷ್ಟೇ ನಿಯಮ. ಅದು ಬೆಳೆದು ಬೇಲಿಜಿಗಿತದ ರೇಸಾಯಿತು. ಸೈನ್ಯದ ಸವಾರರ ಕೈಗೆ ಬಿದ್ದು ಮೂರು ದಿನದ ಒಲಿಂಪಿಕ್ ಪರೀಕ್ಷೆಯೂ ಆಯಿತು: ಕುದುರೆಯ ಶಿಸ್ತು ತೋರುವ ಡ್ರೆಸಾಜ್, ಬಯಲಲ್ಲಿ ಹಾರುತ್ತ ಓಡುವ ಕ್ರಾಸ್ ಕಂಟ್ರಿ, ಕಂಬ ಹಾರುವ ಜಂಪಿಂಗ್. 1936ರ ಬರ್ಲಿನ್‌ನಲ್ಲಿ 50 ಸವಾರರು ಹೊರಟರು, ಮುಗಿಸಿದವರು 27. ನಾಲ್ಕನೇ ತಡೆಯ ಕೊಳದಲ್ಲಿ ಕುದುರೆಗಳು ಒಂದರ ಹಿಂದೊಂದು ಮುಗ್ಗರಿಸಿದವು. ಜರ್ಮನಿಯ ಕಾನ್ರಾಡ್ ಫಾನ್ ವಾಂಗೆನ್‌ಹೈಮ್ ಬಿದ್ದರು. ಕೊರಳೆಲುಬು ಮುರಿಯಿತು. ಎದ್ದರು, ಹತ್ತಿದರು, ಕೊನೆ ಮುಟ್ಟಿಸಿದರು. ಮರುದಿನವೂ ಬಂದರು. ಮತ್ತೆ ಬಿದ್ದರು. ಮತ್ತೆ ಹತ್ತಿದರು! ಆ ತಂಡಕ್ಕೆ ಚಿನ್ನ ಬಂತು.

ಫವಾದ್ ಹತ್ತಿದ್ದು ಅಂಥ ಜೀನು. ತಂದೆ ಹಸನೈನ್ ಮಿರ್ಜಾ ಕುದುರೆಗಳ ವೈದ್ಯರು. ಮಗ ಲಾಯದ ವಾಸನೆಯಲ್ಲೇ ಬೆಳೆದವರು. ಬೆಂಗಳೂರಿನ ಹೊರವಲಯದ ಎಂಬೆಸಿ ರೈಡಿಂಗ್ ಸ್ಕೂಲ್ ಬೆನ್ನಿಗೆ ನಿಂತಿತು. ಆದರೆ ಮುಂದಿನ ಮೆಟ್ಟಿಲು ಯುರೋಪಿನಲ್ಲಿತ್ತು. ಊರು ಬಿಟ್ಟರು. ಜರ್ಮನಿಯಲ್ಲಿ 2014ರ ವಿಶ್ವ ಚಾಂಪಿಯನ್ ಸಾಂಡ್ರಾ ಆಫಾರ್ಟ್ ಅವರ ಕೈಕೆಳಗೆ ಪಳಗಿದರು.

2018, ಜಕಾರ್ತಾ. ಏಷ್ಯನ್ ಗೇಮ್ಸ್. ಜೊತೆಗೆ ಇದೇ ಮಿಕಿ. ಡ್ರೆಸಾಜ್ ಮುಗಿಯಿತು, ಕ್ರಾಸ್ ಕಂಟ್ರಿ ಮುಗಿಯಿತು. ದಂಡ ಕೇವಲ 22.40, ಎಲ್ಲರಿಗಿಂತ ಮುಂದೆ. ಉಳಿದದ್ದು ಜಂಪಿಂಗ್ ಮಾತ್ರ. ಹಾರಿದರು, ಹಾರಿದರು. ಒಂದು ಕಂಬ ಅಲುಗಿತು.

ಬಿತ್ತು. ನಾಲ್ಕು ದಂಡ ಸೇರಿತು. 26.40. ಜಪಾನಿನ ಯೋಶಿಯಾಕಿ ಓಇವಾ 22.70ರೊಂದಿಗೆ ಚಿನ್ನ ಕೊಂಡೊಯ್ದರು. ಫವಾದ್‌ಗೆ ಬೆಳ್ಳಿ, ತಂಡಕ್ಕೂ ಬೆಳ್ಳಿ. 1982ರ ನಂತರ ಈ ಕ್ರೀಡೆಯಲ್ಲಿ ಭಾರತಕ್ಕೆ ದಕ್ಕಿದ ಮೊದಲ ವೈಯಕ್ತಿಕ ಪದಕ ಅದು. ಸಂಭ್ರಮ ಆರುವ ಮೊದಲೇ ಪೆಟ್ಟು ಬಿತ್ತು: ಮಿಕಿ ಗಾಯಗೊಂಡು ಕಣದಿಂದ ಹೊರಗುಳಿಯಿತು.

ಒಲಿಂಪಿಕ್ಸ್‌ಗೆ ಅರ್ಹತೆ ಬೇಕು, ನೆಚ್ಚಿನ ಕುದುರೆ ಇಲ್ಲ. ಫವಾದ್ ಕಾಯುತ್ತ ಕೂರಲಿಲ್ಲ. ಫರ್ನ್‌ಹಿಲ್ ಫೇಸ್‌ಟೈಮ್ ಏರಿದರು, ಟಚಿಂಗ್‌ವುಡ್ ಏರಿದರು. ಒಂದರಿಂದ 34, ಇನ್ನೊಂದರಿಂದ 30, ಒಟ್ಟು 64 ಅಂಕ ಕೂಡಿಸಿ ಟೋಕಿಯೊ ಟಿಕೆಟ್ ಕಿತ್ತುಕೊಂಡರು. ಎರಡು ದಶಕಗಳ ಬಳಿಕ ಭಾರತದ ಸವಾರನೊಬ್ಬ ಒಲಿಂಪಿಕ್ಸ್‌ಗೆ! ಅಷ್ಟರಲ್ಲಿ ಕೊರೋನಾ ಬಂತು. ಕೂಟವೇ ಒಂದು ವರ್ಷ ಮುಂದೆ ಹೋಯಿತು.

2021ರಲ್ಲಿ ಪೋಲೆಂಡಿನ ಬಾಬೊರೊವ್ಕೊದಲ್ಲಿ ಇನ್ನೊಂದು ಗಂಡಾಂತರ. ಏರಿಹೋಗುವ ಕುದುರೆಯೂ ಕನಿಷ್ಠ ಮಟ್ಟ ಮುಟ್ಟಲೇಬೇಕು. ಚೇತರಿಸಿ ಬಂದ ಮಿಕಿ ಮುಟ್ಟಿತು, ದಜಾರಾ 4 ಎಂಬ ಇನ್ನೊಂದು ಕುದುರೆಯೂ ಮುಟ್ಟಿತು. ಮೊದಲು ದಜಾರಾ ಎಂದರು. ಹೊರಡುವ ಹೊತ್ತಿಗೆ ನಿರ್ಧಾರ ತಿರುಗಿತು. ಮಿಕಿಯೇ!

ಗಾಯ ಕಂಡಿದ್ದ ಆ ಕಾಲುಗಳೇ ಈಗ ಟೋಕಿಯೊದ ದಿಮ್ಮಿಗಳ ಮೇಲೆ ಹಾರುತ್ತಿವೆ. ಡ್ರೆಸಾಜ್‌ನಲ್ಲಿ 28.00 ದಂಡ ಪಡೆದು ಒಂಬತ್ತನೇ ಸ್ಥಾನದಲ್ಲಿ ನಿಂತಿದ್ದ ಜೋಡಿ. ಏರು, ಇಳಿ, ತಿರುವು, ನೀರು, ಮತ್ತೆ ಏರು. ಮಿಕಿ ಎಲ್ಲೂ ನಿಲ್ಲಲಿಲ್ಲ, ಯಾವ ತಡೆಗೂ ಬೆನ್ನು ತೋರಲಿಲ್ಲ. ಗಡಿಯಾರ ಮಾತ್ರ ಗಡುವು ದಾಟಿ ಓಡುತ್ತಿತ್ತು.

8 ನಿಮಿಷ 13 ಸೆಕೆಂಡು. ತಡವಾದದ್ದು 28 ಸೆಕೆಂಡು, ತೆತ್ತದ್ದು 11.20. ಒಟ್ಟು 39.20, ಒಂಬತ್ತರಿಂದ 22ಕ್ಕೆ ಜಾರಿದರು. ಆ 28 ಸೆಕೆಂಡಿಗಾಗಿ ಫವಾದ್‌ರನ್ನು ದೂರುವವರು ಅದೇ ಬೆಳಗ್ಗೆ ಅದೇ ಹಾದಿಯಲ್ಲಿ ಏನಾಯಿತೆಂದು ತಿಳಿಯಬೇಕು. ಸ್ವಿಟ್ಜರ್ಲೆಂಡಿನ ರೋಬಿನ್ ಗೋಡೆಲ್ ಅವರ ಕುದುರೆ ಜೆಟ್ ಸೆಟ್ ಕೊನೆಯನ್ನು ಸಮೀಪಿಸುತ್ತಿತ್ತು. ಕಾಲಿನ ಅಸ್ಥಿಬಂಧ ಹರಿಯಿತು. ಉಳಿಸುವ ದಾರಿ ಇರಲಿಲ್ಲ. ವೈದ್ಯರು ಅದಕ್ಕೆ ದಯಾಮರಣ ಕೊಟ್ಟರು. ಇಂಥ ನೆಲದಿಂದ ಮಿಕಿಯನ್ನು ನಾಲ್ಕು ಕಾಲಿನ ಮೇಲೆ ವಾಪಸು ತಂದದ್ದನ್ನು ನಾನು ಜಕಾರ್ತಾದ ಬೆಳ್ಳಿಗಿಂತ ಮೇಲೆ ಇಡುತ್ತೇನೆ.

ಮರುದಿನ ಪಶುವೈದ್ಯರ ತಪಾಸಣೆ. ಕುಂಟಿದರೆ ಮನೆಗೆ. ಮಿಕಿ ಪಾಸ್.

ಸಂಜೆ ಜಂಪಿಂಗ್. ಇಲ್ಲಿ ಕಂಬ ಬೀಳುತ್ತದೆ, ಬಿದ್ದರೆ ನಾಲ್ಕು. ಒಂದು ಬಿತ್ತು. ಇನ್ನೊಂದೂ ಬಿತ್ತು. 47.20. ಫೈನಲ್‌ಗೆ ಮೊದಲ 25 ಮಂದಿಗಷ್ಟೇ ಪ್ರವೇಶ. ಪಟ್ಟಿ ಬಂತು. ಫವಾದ್ ಎಷ್ಟನೆಯವರು?

ಇಪ್ಪತ್ತೈದನೆಯವರು. ಕೂದಲೆಳೆಯಲ್ಲಿ ಒಳಗೆ!

ಅದೇ ರಾತ್ರಿ, ದೀಪದ ಬೆಳಕಿನಲ್ಲಿ, ಮತ್ತೆ ಜೀನು. ಮೂರು ದಿನದ ದಣಿವು ಕುದುರೆಯ ಮೈಯಲ್ಲಿ, ಸವಾರನ ತೊಡೆಯಲ್ಲಿ. ಮೂರು ಕಂಬ ಉರುಳಿದವು, ಒಂದು ಸೆಕೆಂಡು ಮೀರಿತು, 12.40. ಒಟ್ಟು 59.60. ಆದರೂ ಎರಡು ಮೆಟ್ಟಿಲು ಮೇಲೇರಿದ್ದರು: 23ನೇ ಸ್ಥಾನ.